280 ಆಂಪಿಯರ್-ಅವರ್ ಸೆಲ್ ಒಂದೇ ಗಂಟೆಯಲ್ಲಿ ತುಂಬುತ್ತದೆಯೇ?

ಮನೆಯ ಸೌರ ವ್ಯವಸ್ಥೆಯ 280 ಆಂಪಿಯರ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಿಗೆ 140 ಆಂಪಿಯರ್ ಬದಲು 280 ಕೊಟ್ಟು, ಎರಡು ಗಂಟೆಯ ಕೆಲಸವನ್ನು ಒಂದೇ ಗಂಟೆಯಲ್ಲಿ ಮುಗಿಸಬಹುದೇ ಎಂದು ಕೇಳಿದ್ದೀರಿ. ತಯಾರಕರ ವಿವರಪಟ್ಟಿ ಅಷ್ಟು ಪ್ರವಾಹಕ್ಕೆ ಒಪ್ಪದಿದ್ದರೆ ದಯವಿಟ್ಟು ಬೇಡ.

ಅಡಚಣೆ ಇರುವುದು ಚಾರ್ಜರಿನಲ್ಲಲ್ಲ, ಸೆಲ್ಲಿನೊಳಗಿನ ಗ್ರಾಫೈಟಿನಲ್ಲಿ. ಅದರ ಪದರಗಳೊಳಗೆ ನುಸುಳುವುದಕ್ಕಿಂತ ವೇಗವಾಗಿ ಲಿಥಿಯಂ ಅಯಾನುಗಳು ಬಂದು ಸೇರಿದರೆ, ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಅದರಲ್ಲಿ ಒಂದು ಪಾಲು ಮತ್ತೆಂದೂ ಬಳಕೆಗೆ ಬಾರದು. ಸೂಜಿಯಂತೆ ಬೆಳೆದರೆ ಒಳಗೇ ಶಾರ್ಟ್ ಆಗುವ ಅಪಾಯ. ಚಳಿಯಲ್ಲಂತೂ ಇದು ಇನ್ನೂ ಹೆಚ್ಚು. ಜೊತೆಗೆ, ಪ್ರವಾಹ ಇಮ್ಮಡಿಯಾದರೆ ರೋಧದಿಂದ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ದಪ್ಪ ಸೆಲ್ಲಿನ ನಡುಭಾಗದ ಬಿಸಿ ಬೇಗ ಹೊರಬರುವುದೂ ಇಲ್ಲ.

ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಚಾವೊ-ಯಾಂಗ್ ವಾಂಗ್ ಅವರ ತಂಡ 2019ರಲ್ಲಿ ತೋರಿಸಿದ ದಾರಿ ನನಗೆ ಬಹಳ ಮೆಚ್ಚುಗೆಯದು. ಸೆಲ್ಲಿನೊಳಗೇ ತೆಳು ನಿಕಲ್ ಹಾಳೆ ಇಟ್ಟು, 60 ಡಿಗ್ರಿಗೆ ಬಿಸಿ ಮಾಡಿ, 10 ನಿಮಿಷ ಚಾರ್ಜ್ ಮಾಡಿ, ಕೂಡಲೇ ತಣಿಸುವುದು. ಬಿಸಿಯಲ್ಲಿ ಅಯಾನುಗಳು ಗ್ರಾಫೈಟಿಗೆ ಸಲೀಸಾಗಿ ಇಳಿಯುತ್ತವೆ. ಆದರೆ ಅದು ತಯಾರಿಕೆಯಲ್ಲೇ ಸೇರಬೇಕಾದ ಏರ್ಪಾಡು. ನಿಮ್ಮ ಸೆಲ್ಲನ್ನು ಹೊರಗಿನಿಂದ ಕಾಯಿಸಲು ಹೋಗಬೇಡಿ.

ನಿಮಗೆ ನಾನು ಹೇಳುವುದು ಬೇರೆ: ಅಂಥದೇ ಇನ್ನೊಂದು ಬ್ಯಾಟರಿಯನ್ನು, ಅದರದೇ ಬಿಎಂಎಸ್ (ಸೆಲ್ಲುಗಳ ಮೇಲೆ ನಿಗಾ ಇಟ್ಟು ಕಾಪಾಡುವ ನಿಯಂತ್ರಕ) ಸಹಿತ, ಸಮಾಂತರವಾಗಿ ಜೋಡಿಸಿ. ಆಗ 280 ಆಂಪಿಯರ್ ಕೊಟ್ಟರೂ ಪ್ರತಿ ಸೆಲ್ಲಿಗೆ ಸುಮಾರು 140 ಮಾತ್ರ ಹೋಗುತ್ತದೆ, ಈಗ ಎರಡು ಗಂಟೆಯಲ್ಲಿ ಸೇರುವ ವಿದ್ಯುತ್ತು ಒಂದೇ ಗಂಟೆಯಲ್ಲಿ ಸೇರುತ್ತದೆ. ತಂತಿ, ಫ್ಯೂಸ್‌ಗಳು ಆ ಪ್ರವಾಹಕ್ಕೆ ತಕ್ಕಂತಿವೆಯೇ ಎಂದು ಮೊದಲೇ ನೋಡಿಕೊಳ್ಳಿ.