ಕೊಬ್ಬರಿ ಚೀಲದ ನೀಲಿ ಜೀರುಂಡೆ

ಪ್ರಶ್ನೆ: ನಮ್ಮ ಅಂಗಡಿಯ ಕೊಬ್ಬರಿ ಚೀಲದಲ್ಲಿ ಕೆಂಪು ಕಾಲುಗಳ, ಹೊಳೆಯುವ ನೀಲಿ ಜೀರುಂಡೆಗಳು ಕಂಡಿವೆ. ಇವು ಯಾವುವು?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ವಿವರಣೆಯಿಂದ ಇದು ಕ್ಲೆರಿಡೇ ಕುಟುಂಬದ ನೆಕ್ರೋಬಿಯಾ ರೂಫಿಪೀಸ್ ಎಂದೇ ತೋರುತ್ತದೆ, ಖಚಿತಪಡಿಸಿಕೊಳ್ಳಲು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಿಗೆ ಒಂದೆರಡು ಮಾದರಿಗಳನ್ನು ತೋರಿಸಿ. ಸುಮಾರು 4ರಿಂದ 7 ಮಿ.ಮೀ. ಉದ್ದದ ಈ ಜೀರುಂಡೆ ಕೊಬ್ಬರಿ, ಒಣಮೀನುಗಳನ್ನು ತಿನ್ನುವುದಲ್ಲದೆ, ಅಲ್ಲಿಯೇ ಇರುವ ಇತರ ಕೀಟಗಳ ಮೊಟ್ಟೆ, ಮರಿಹುಳುಗಳನ್ನೂ ಬೇಟೆಯಾಡುತ್ತದೆ. ಕೊಬ್ಬರಿಯನ್ನು ಚೆನ್ನಾಗಿ ಒಣಗಿಸಿ ಬಿಗಿಯಾಗಿ ಮುಚ್ಚಿಡಿ. ಆದರೆ ಇದೊಂದನ್ನು ಕಂಡು ಇಡೀ ಕುಟುಂಬವನ್ನೇ ಶತ್ರುವೆಂದು ಎಣಿಸಬಾರದೆಂಬುದು ನನ್ನ ಕಳಕಳಿಯ ವಿನಂತಿ: ಇದರ ಅನೇಕ ಬಂಧುಗಳು ಮರ ಕೊರೆಯುವ ಕೀಟಗಳ ಬೇಟೆಗಾರರಾಗಿದ್ದು, ಭಾರತದಲ್ಲಿರುವ ಟಿಲ್ಲಸ್ ನೊಟೇಟಸ್ ಎಂಬ ಪ್ರಭೇದವು ಕಡಿದಿಟ್ಟ ಬಿದಿರನ್ನು ಪುಡಿಮಾಡುವ ಡೈನೊಡೆರಸ್ ಜೀರುಂಡೆಗಳನ್ನು ತಿನ್ನುತ್ತದೆ.