ವೋಲ್ಟೇಜ್ ಕುಸಿಯುವ ಮುಂಚೆ ಲೆಕ್ಕ ಮುಗಿಯಬೇಕು

ಪ್ರಶ್ನೆ: ಸರ್, ನನ್ನ ಪ್ರಾಜೆಕ್ಟ್ ವೋಲ್ಟೇಜ್ ಸ್ಟೆಬಿಲಿಟಿ ಬಗ್ಗೆ. ವಿದ್ಯುತ್ ಜಾಲದ ಒಂದೊಂದೇ ಲೈನ್ ತೆಗೆದು, ವೋಲ್ಟೇಜ್ ಕುಸಿಯುವ ತನಕ ಲೋಡ್ ಏರಿಸುತ್ತಾ ಲೆಕ್ಕ ಹಾಕಿದರೆ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಓಡುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಬೇಕಾ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡ, ಆ ದುಡ್ಡು ಹಾಗೇ ಇರಲಿ. ಬೇಡದ ಲೆಕ್ಕ ಬಿಟ್ಟರೆ ಸಾಕು.

ಇದಕ್ಕೆ ಅವಸರ ಯಾಕೆ ಅನ್ನೋದಕ್ಕೆ ನಾನು ಕ್ಲಾಸಿನಲ್ಲಿ ಯಾವಾಗಲೂ ಟೋಕಿಯೋ ಕಥೆ ಹೇಳುತ್ತೇನೆ. 1987ರ ಜುಲೈ 23, ಸುಡು ಬಿಸಿಲು. ಊಟದ ಹೊತ್ತು ಮುಗಿಯುತ್ತಿದ್ದಂತೆ ಲೋಡ್ ನಿಮಿಷಕ್ಕೆ ಸುಮಾರು 400 ಮೆಗಾವ್ಯಾಟ್‌ನಂತೆ ಏರಿತು. ಕೆಪಾಸಿಟರ್‌ಗಳನ್ನೆಲ್ಲ ಆನ್ ಮಾಡಿದರೂ ವೋಲ್ಟೇಜ್ ನಿಲ್ಲಲಿಲ್ಲ. ಕೆಪಾಸಿಟರ್ ಕೊಡುವ ರಿಯಾಕ್ಟಿವ್ ಪವರ್, ಅಂದರೆ ವೋಲ್ಟೇಜನ್ನು ಎತ್ತಿ ಹಿಡಿಯುವ ಪವರ್, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜ್ ಶೇ 90 ಆದರೆ ಅದು ಶೇ 81ಕ್ಕೆ ಬಂತು. ಬೇಕಾದ ಹೊತ್ತಲ್ಲೇ ಕೈ ಕೊಡುತ್ತದೆ. ಇತ್ತ ಏರ್ ಕಂಡಿಷನರ್ ಮೋಟಾರುಗಳು ವೋಲ್ಟೇಜ್ ಇಳಿದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತವೆ. 500 ಕೆವಿ ಜಾಲ ಒಂದು ಕಡೆ 370 ಕೆವಿಗೆ ಇಳಿಯಿತು, ಸುಮಾರು 28 ಲಕ್ಷ ಮನೆಗಳಿಗೆ ಕರೆಂಟ್ ಹೋಯಿತು. ಎಲ್ಲ ಕೆಲವೇ ನಿಮಿಷಗಳಲ್ಲಿ. ಅಂಥ ಹೊತ್ತಲ್ಲಿ ಗಂಟೆಗಟ್ಟಲೆ ಓಡುವ ಲೆಕ್ಕ ಕಂಟ್ರೋಲ್ ರೂಮಿನವರಿಗೆ ಉಪಯೋಗಕ್ಕೆ ಬರುತ್ತಾ?

ಬಹಳಷ್ಟು ಲೈನ್‌ಗಳು ಟ್ರಿಪ್ ಆದರೂ ಜಾಲಕ್ಕೆ ಏನೂ ಆಗುವುದಿಲ್ಲ. ಮೊರದಲ್ಲಿ ಜೊಳ್ಳು ಕೇರುವ ಹಾಗೆ ಅವನ್ನು ಮೊದಲೇ ಕೇರಿಬಿಡಿ. ಲೈನ್ ತೆಗೆದು, ಈಗಿನ ಲೋಡಿಗೇ ಒಂದು ಲೋಡ್ ಫ್ಲೋ (ಜಾಲದ ಪ್ರತಿ ಜಾಗದ ವೋಲ್ಟೇಜ್ ಕೊಡುವ ಲೆಕ್ಕ) ಓಡಿಸಿ. ಅದರಿಂದ ಎಲ್-ಇಂಡೆಕ್ಸ್ ಸಿಗುತ್ತದೆ. ಜಾಲ ಕುಸಿತಕ್ಕೆ ಎಷ್ಟು ಹತ್ತಿರ ಇದೆ ಅಂತ ಹೇಳುವ, ಕೆಸೆಲ್ ಮತ್ತು ಗ್ಲಾವಿಚ್ 1986ರಲ್ಲಿ ಕೊಟ್ಟ ಅಳತೆ ಇದು. ಸೊನ್ನೆಯ ಹತ್ತಿರ ಇದ್ದರೆ ಚಿಂತೆಯಿಲ್ಲ, 1ರ ಹತ್ತಿರ ಬಂದರೆ ಅಪಾಯ. ಅಪಾಯದವಕ್ಕೆ ಮಾತ್ರ ಪೂರ್ತಿ ಪಿ-ವಿ ಕರ್ವ್ (ಲೋಡ್ ಏರಿದಂತೆ ವೋಲ್ಟೇಜ್ ಹೇಗೆ ಇಳಿಯುತ್ತದೆ ಅನ್ನುವ ಗ್ರಾಫ್) ಹಾಕಿ. ಒಂದು ಎಚ್ಚರ: ಜನರೇಟರ್ ತಾನು ಕೊಡಬಲ್ಲ ರಿಯಾಕ್ಟಿವ್ ಪವರ್‌ನ ಮಿತಿ ಮುಟ್ಟಿದರೆ ಇಂಡೆಕ್ಸ್ ದಿಢೀರನೆ ಏರುತ್ತದೆ. ಅದಕ್ಕೇ ನಿಮ್ಮ ಅಪಾಯದ ಲೈನ್‌ಗಳ ಪಟ್ಟಿ ಸ್ವಲ್ಪ ಉದ್ದವೇ ಇರಲಿ. ರಾತ್ರಿಯೆಲ್ಲ ಓಡಿಸಿದ ಹಳೇ ಫಲಿತಾಂಶ ಇದೆಯಲ್ಲ, ಪಟ್ಟಿಯಿಂದ ಯಾವುದಾದರೂ ಕೆಟ್ಟ ಲೈನ್ ತಪ್ಪಿಹೋಗಿದೆಯಾ ಅಂತ ಅದರ ಜೊತೆ ಹೋಲಿಸಿ ನೋಡಿ.

ಕರ್ವಿನ ತುದಿಯಲ್ಲಿ, ನೋಸ್ ಪಾಯಿಂಟ್ ಅನ್ನುತ್ತೇವಲ್ಲ, ಅಲ್ಲಿ ಲೋಡ್ ಫ್ಲೋ ಬಿಡಿಸುವ ಮಾಮೂಲಿ ನ್ಯೂಟನ್ ವಿಧಾನ ಒದ್ದಾಡುತ್ತದೆ. ಕರ್ವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವ ಕಂಟಿನ್ಯುಯೇಶನ್ ಪವರ್ ಫ್ಲೋ ಬಳಸಿ. ಕರ್ವ್ ಚಪ್ಪಟೆ ಇರುವಲ್ಲಿ ದೊಡ್ಡ ಹೆಜ್ಜೆ, ತುದಿಯ ಹತ್ತಿರ ಸಣ್ಣ ಹೆಜ್ಜೆ.

ಇನ್ನೊಂದು ಮಾತು. ನಿಮ್ಮ ಪ್ರೋಗ್ರಾಮಿನಲ್ಲಿ ಜಾಕೋಬಿಯನ್‌ನ (ನ್ಯೂಟನ್ ವಿಧಾನ ಪ್ರತಿ ಸುತ್ತಿನಲ್ಲಿ ಬಳಸುವ ಮ್ಯಾಟ್ರಿಕ್ಸ್) ಇನ್ವರ್ಸ್ ತೆಗೆಯುವ ಸಾಲು ಇದೆಯಾ? ಮೊದಲು ಅದನ್ನು ಅಳಿಸಿ. ಒಂದು ಬಸ್‌ಗೆ (ಜಾಲದಲ್ಲಿ ಲೈನ್‌ಗಳು ಕೂಡುವ ಜಾಗ) ಸೇರುವ ಲೈನ್‌ಗಳು ಕೆಲವೇ, ಮ್ಯಾಟ್ರಿಕ್ಸಿನಲ್ಲಿ ಸೊನ್ನೆಗಳೇ ಜಾಸ್ತಿ. ಇನ್ವರ್ಸ್ ಬದಲು, ಸೊನ್ನೆಗಳನ್ನು ಬಿಟ್ಟು ಲೆಕ್ಕ ಮಾಡುವ ಸ್ಪಾರ್ಸ್ ಎಲ್‌ಯು ವಿಧಾನ ಬಳಸಿದರೆ ಆ ಸೊನ್ನೆಗಳನ್ನು ಸುಮ್ನೆ ಗುಣಿಸುತ್ತಾ ಕೂರುವುದು ತಪ್ಪುತ್ತದೆ. ಒಂದು ಲೈನಿನ ಲೆಕ್ಕಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಅಲ್ವಾ? ಅವನ್ನು ಲ್ಯಾಪ್‌ಟಾಪಿನ ಬೇರೆ ಬೇರೆ ಕೋರ್‌ಗಳಿಗೆ ಹಂಚಿಬಿಡಿ.