ಐದು ಮಂದಿಯ ಮನೆಗೆ, ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುವ ಮೀನಿನ ಸೂಪ್ ಮಾಡುವುದು ಹೇಗೆ?

ಹೋಟೆಲಿನಲ್ಲಿ ಒಮ್ಮೆ ಕುಡಿದ ಸಮುದ್ರದ ಮೀನಿನ ಸೂಪನ್ನು ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ, ಆದರೆ ಬೆಂಗಳೂರಿನಲ್ಲಿ ಸಿಗಡಿ, ಏಡಿಗಳ ಬೆಲೆ ನೋಡಿದರೆ ಐದು ಮಂದಿಗೆ ಮಾಡುವ ಧೈರ್ಯವಾಗುವುದಿಲ್ಲ ಎಂದು ನೀವು ಬರೆದಿದ್ದೀರಿ. ನಾನು ಕುಂದಾಪುರದ ಕಡೆಯವಳು; ಬೆಂಗಳೂರಿಗೆ ಬಂದು ಸಂಸಾರ ಹೂಡಿದ ಮೇಲೆ ನನಗೂ ಇದೇ ಪ್ರಶ್ನೆ ಎದುರಾಗಿತ್ತು. ಏಡಿಯ ಆಸೆಯನ್ನು ಸದ್ಯಕ್ಕೆ ಬಿಡಿ. ಸೂಪಿಗೆ ಬೇಕಾದ ರಸವೆಲ್ಲ ಅಂಗಡಿಯವರು ಕತ್ತರಿಸಿ ಬದಿಗಿಡುವ ತಲೆ, ನಡುಮುಳ್ಳು ಮತ್ತು ಸಿಗಡಿಯ ಸಿಪ್ಪೆಗಳಲ್ಲೇ ಇರುತ್ತದೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯಾಗಲಿ, ನಿಮ್ಮ ಬಡಾವಣೆಯ ಅಂಗಡಿಯಾಗಲಿ, ದೊಡ್ಡ ಮೀನನ್ನು ಹೋಳು ಮಾಡಿ ಮಾರುವ ಕಡೆ ತಲೆಯನ್ನು ಬೇರೆಯಾಗಿ ಕೇಳಿ. ಹೋಳಿಗೆ ಹೇಳುವ ದರ ಅದಕ್ಕಿರುವುದಿಲ್ಲ. ಐದು ಮಂದಿಗೆ ಮುಕ್ಕಾಲು ಕಿಲೋ ತಲೆ, ಮುಳ್ಳು ಸಾಕು. ಕಿವಿರುಗಳನ್ನು ಅಲ್ಲೇ ತೆಗೆಸಿಕೊಳ್ಳಿ, ಅವು ಉಳಿದರೆ ಸೂಪ್ ಕಹಿಯಾಗುತ್ತದೆ. ಬೂತಾಯಿ, ಬಂಗುಡೆ ಅಗ್ಗವೆಂದು ಅವುಗಳ ತಲೆ ತರಬೇಡಿ; ಹುಳಿ, ಖಾರ ಹಾಕಿದ ಸಾರಿಗೆ ಅವುಗಳನ್ನು ಮೀರಿಸುವ ಮೀನಿಲ್ಲ, ಆದರೆ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಸೂಪಿನ ಮೇಲೆ ಜಿಡ್ಡು ತೇಲಿ ವಾಸನೆ ಏಳುತ್ತದೆ. ತಿನ್ನಲು ತುಂಡುಗಳು ಬೇಕಿದ್ದರೆ ಕಾಲು ಕಿಲೋ ರಾಣಿ ಮೀನು ತಂದುಕೊಳ್ಳಿ. ಸಿಗಡಿಯ ತೂಕದಲ್ಲಿ ಅರ್ಧಕ್ಕೆ ಹತ್ತಿರದಷ್ಟು ತಲೆ, ಸಿಪ್ಪೆಗಳೇ ಇರುತ್ತವೆ. ಆದ್ದರಿಂದ ಎಂದಾದರೂ ಸಿಗಡಿ ತಂದ ದಿನ ಅವನ್ನು ತೊಳೆದು ಫ್ರೀಜರಿನಲ್ಲಿಡಿ. ದುಡ್ಡು ಕೊಟ್ಟು ತಂದದ್ದನ್ನು ಕಸದ ಬುಟ್ಟಿಗೆ ಹಾಕುವುದು ನನಗಂತೂ ಸಹಿಸದು.

ತಲೆಯನ್ನು ಉಪ್ಪು, ಅರಿಸಿನ ಹಚ್ಚಿ ಚೆನ್ನಾಗಿ ತೊಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಸಿಗಡಿಯ ಸಿಪ್ಪೆಯನ್ನು ಕೆಂಪಾಗುವವರೆಗೆ ಹುರಿದು, ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ ಮತ್ತು ಒಂದು ಚಮಚ ಕಾಳುಮೆಣಸು ಸೇರಿಸಿ. ಅನಂತರ ತಲೆಯನ್ನಿಟ್ಟು, ಒಂದೂವರೆ ಲೀಟರ್ ತಣ್ಣೀರು ಸುರಿದು, ಕುದಿ ಬಂದೊಡನೆ ಉರಿ ತಗ್ಗಿಸಿ, ಮೇಲೆ ಬರುವ ನೊರೆಯನ್ನು ತೆಗೆಯುತ್ತಿರಿ. ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಬೇಯಿಸಬೇಡಿ. ಮೊದಲ ಸಲ ನಾನು ಮಟನ್ ಮೂಳೆಯ ಸೂಪಿನ ಲೆಕ್ಕದಲ್ಲಿ ಒಂದು ಗಂಟೆ ಕುದಿಸಿದ್ದೆ. ಅಂಟಂಟಾಗಿ, ಕಹಿಯಾಗಿ, ಮನೆಯಲ್ಲಿ ಒಬ್ಬರೂ ಎರಡನೆಯ ಗುಟುಕು ಕುಡಿಯಲಿಲ್ಲ. ಮೀನಿನ ಮುಳ್ಳು ಮೃದು, ಕೊಡಬೇಕಾದುದನ್ನು ಬೇಗ ಕೊಟ್ಟುಬಿಡುತ್ತದೆ. ಬೆಂದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ತಲೆಯ ಕೆನ್ನೆಯಲ್ಲಿರುವ ಮಾಂಸವನ್ನು ಬೆರಳಿನಿಂದ ಬಿಡಿಸಿಟ್ಟುಕೊಳ್ಳಿ. ಮಕ್ಕಳಿಗೆ ಕೊಡುವುದಾದ್ದರಿಂದ ಈ ಕೆಲಸವನ್ನು ನಿಧಾನವಾಗಿ, ಬೆಳಕಿನಲ್ಲಿ ಕುಳಿತು ಮಾಡಿ.

ಇನ್ನು ಹೊಟ್ಟೆ ತುಂಬುವ ವಿಷಯ. ಹೋಟೆಲಿನವರು ಮೆಕ್ಕೆಜೋಳದ ಹಿಟ್ಟು (ಕಾರ್ನ್ ಫ್ಲೋರ್) ಕಲಸಿ ಸೂಪನ್ನು ಗಟ್ಟಿ ಮಾಡುತ್ತಾರೆ. ನಾನು ಕುಚ್ಚಲಕ್ಕಿ ಗಂಜಿಯನ್ನೇ ಬಳಸುತ್ತೇನೆ. ಅರ್ಧ ಲೋಟ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅದರ ತೆಳಿಯನ್ನೂ ಅರ್ಧದಷ್ಟು ಅನ್ನವನ್ನೂ ಮಸೆದು ಸೋಸಿದ ರಸಕ್ಕೆ ಬೆರೆಸಿ, ಉಳಿದ ಅನ್ನವನ್ನು ಹಾಗೆಯೇ ಬಿಡಿ. ಎರಡು ಆಲೂಗಡ್ಡೆ, ಒಂದು ಟೊಮೆಟೊ ಹಾಕಿ ಬೇಯಿಸಿದರೆ ಐದು ಬಟ್ಟಲು ತುಂಬುತ್ತದೆ, ರಾತ್ರಿಯೂಟಕ್ಕೆ ಬೇರೇನೂ ಬೇಕಾಗುವುದಿಲ್ಲ. ರಾಣಿ ಮೀನಿನ ತುಂಡುಗಳನ್ನು ಕೊನೆಯ ಐದು ನಿಮಿಷವಿರುವಾಗ ಹಾಕಿದರೆ ಒಡೆಯುವುದಿಲ್ಲ. ಹುಳಿಗೆ ಎರಡು ಒಣ ಪುನರ್ಪುಳಿ (ಕೋಕಂ) ಸಿಪ್ಪೆ ಸಾಕು. ಸಿಗದಿದ್ದರೆ ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಮರುವಾಯಿ, ಅಂದರೆ ತಿನ್ನುವ ಕಪ್ಪೆಚಿಪ್ಪು, ಸಿಕ್ಕಿದರೆ ಅದೂ ರುಚಿಯೇ. ಆದರೆ ಮರಳು ಬಿಡಲು ಎರಡು ಮೂರು ಗಂಟೆ ಉಪ್ಪುನೀರಿನಲ್ಲಿ ನೆನೆಸಬೇಕು, ಮುಟ್ಟಿದರೂ ಮುಚ್ಚಿಕೊಳ್ಳದ ಚಿಪ್ಪನ್ನು ಮತ್ತು ಬೆಂದರೂ ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ನಂಬಿಕೆಯ ಅಂಗಡಿಯಲ್ಲದಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಹಸಿ ಮೀನಿನ ಬೆಲೆ ಏರುತ್ತದೆ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಒಣ ಸಿಗಡಿಯದೇ ಸೂಪ್. ಒಂದು ಹಿಡಿಯನ್ನು ತಲೆ, ಬಾಲ ಮುರಿದು, ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿದು, ತೊಳೆದು ಹಾಕಿದರೆ ತಲೆಯ ರಸದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಅದರಲ್ಲಿ ಮೊದಲೇ ಉಪ್ಪಿರುತ್ತದೆ, ರುಚಿ ನೋಡಿದ ಮೇಲಷ್ಟೇ ಉಪ್ಪು ಹಾಕಿ.